ನೋಡವಲ್ದು

ವಿಜಯಪುರದ ಕಡೆಯ ನಮ್ಮ ಮಾತಿನಲ್ಲಿ 'ಆಗುತ್ತಿಲ್ಲ' ಅನ್ನುವುದನ್ನು ಹೇಳುವ ಬಗೆಯೇ ಬೇರೆ. ಮಳೆ ಬಾರದಿದ್ದರೆ 'ಮಳಿ ಬರವಲ್ದು' ಅನ್ನುತ್ತೇವೆ. ಬೋರಿನ ಮೋಟರ್ ಶುರುವಾಗದಿದ್ದರೆ 'ಚಾಲೂ ಆಗವಲ್ದು'. ಎಮ್ಮೆಯೂ ಅಷ್ಟೇ, 'ಹಾಲ ಕೊಡವಲ್ದು'. ಕಿವಿಗೊಟ್ಟು ಕೇಳಿದರೆ ಈ ಎಲ್ಲದರೊಳಗೂ ಒಂದು 'ಒಲ್ಲದು' ಕೂತಿದೆ. ಮಳೆಗೆ ಮನಸ್ಸಿಲ್ಲ, ಮೋಟರಿಗೆ ಮನಸ್ಸಿಲ್ಲ, ಎಮ್ಮೆಗಂತೂ ಇಲ್ಲವೇ ಇಲ್ಲ. ದಿನಾ ಆಡಿ ಆಡಿ ಸವೆದ ಮಾತಾದ್ದರಿಂದ ಯಾರಿಗೂ ಅದು ಚುಚ್ಚುವುದಿಲ್ಲ. ನನಗೂ ಚುಚ್ಚಿರಲಿಲ್ಲ, ನನ್ನ ಅಕ್ಕನ ಮಗಳು ತನ್ನ ಹತ್ತೊಂಬತ್ತು ದಿನದ ಕೂಸಿನ ಬಗ್ಗೆ ಅದನ್ನು ಹೇಳುವವರೆಗೆ.

"ನನ್ನ ಕಡಿ ನೋಡವಲ್ದು ಚಿಗವ್ವ. ಲೈಟಿನ ಕಡಿ ನೋಡ್ತದ, ಗ್ವಾಡಿ ಕಡಿ ನೋಡ್ತದ. ನಾ ಬಂದಕೂಡ್ಲೆ ಮಾರಿ ಹೊಳ್ಳಸ್ತದ."

ಅವಳ ಮಗಳು 31 ವಾರಕ್ಕೇ ಹುಟ್ಟಿದ್ದಳು. ತೂಕ 1310 ಗ್ರಾಂ. ತವರು ಸಿಂದಗಿ ತಾಲೂಕು, ಗಂಡನ ಮನೆ ಮುದ್ದೇಬಿಹಾಳದ ಕಡೆ, ಹೆರಿಗೆಯಾದದ್ದು ಎರಡೂ ಅಲ್ಲದ ಜಿಲ್ಲಾ ಕೇಂದ್ರದಲ್ಲಿ. ನವಜಾತ ಶಿಶು ಘಟಕದ ಹೊರಗೆ ಒಂದು ಉದ್ದನೆಯ ಪಡಸಾಲೆ, ಅಲ್ಲಿ ಚಾಪೆ ಹಾಸಿಕೊಂಡು ಬೇರೆ ಬೇರೆ ತಾಲೂಕಿನ ಹೆಣ್ಣುಮಕ್ಕಳು. ಇಂಡಿಯವರು, ಸಿಂದಗಿಯವರು, ಮುದ್ದೇಬಿಹಾಳದವರು, ಬಸವನ ಬಾಗೇವಾಡಿಯವರು. ಎಂಬತ್ತು ಕಿಲೋಮೀಟರ್ ದೂರದಿಂದ ಬಂದವರೂ ಇದ್ದರು. ಅಲ್ಲಿ ಹೆಸರು ಕೇಳುವ ರೂಢಿಯೇ ಇರಲಿಲ್ಲ. "ನಿಮ್ಮದು ಎಷ್ಟ ಗ್ರಾಮ್ರೀ?" ಅನ್ನುವುದೇ ಪರಿಚಯ. ಬಾಗೇವಾಡಿಯಾಕೆಯದು ಅವಳಿ, ಎರಡೂ ಸೇರಿ ಮೂರು ಕಿಲೋ ಆಗಿರಲಿಲ್ಲ. ನಿನ್ನೆಗಿಂತ ಇಪ್ಪತ್ತು ಗ್ರಾಂ ಏರಿದರೆ ಮುಖದ ಮೇಲೆ ನಗು, ಹತ್ತು ಇಳಿದರೆ ಆ ದಿನ ಊಟವಿಲ್ಲ.

ಪಡಸಾಲೆಗೆ ತನ್ನದೇ ಆದ ವೈದ್ಯಶಾಸ್ತ್ರವಿತ್ತು. ಏಳು ತಿಂಗಳಿಗೆ ಹುಟ್ಟಿದ್ದು ಉಳಿಯುತ್ತದೆ, ಎಂಟಕ್ಕೆ ಹುಟ್ಟಿದ್ದು ಉಳಿಯುವುದಿಲ್ಲ ಅನ್ನುವುದು ಅದರ ಮೊದಲ ಸೂತ್ರ. ಇದು ನಿಜವಲ್ಲ; ಹೊಟ್ಟೆಯಲ್ಲಿ ಕಳೆದ ಪ್ರತಿ ವಾರವೂ ಕೂಸಿಗೆ ಲಾಭವೇ. ಆದರೆ ನಮ್ಮ ಅಜ್ಜಿಯರನ್ನು ನೋಡಿ ನಗುವ ಮುಂಚೆ ಒಂದು ಮಾತು ಗೊತ್ತಿರಲಿ: ಹಿಪೊಕ್ರೆಟಿಸನ ಹೆಸರಿನಲ್ಲಿ ಉಳಿದಿರುವ ಗ್ರೀಕ್ ಗ್ರಂಥಗಳಲ್ಲಿ ಎಂಟನೇ ತಿಂಗಳ ಕೂಸಿನ ಬಗ್ಗೆಯೇ ಒಂದು ಗ್ರಂಥವಿದೆ, ಅಲ್ಲೂ ಇದೇ ನಂಬಿಕೆ. ಎರಡನೆಯ ಸೂತ್ರ ಇನ್ನೂ ಚಿಕ್ಕದು. ಏನು ಕೇಳಿದರೂ "ತಡಿ." ಕೂಸು ಹಾಲು ಎಳೆಯುತ್ತಿಲ್ಲ, ತಡಿ. ಅಳುತ್ತಿಲ್ಲ, ತಡಿ. ನೋಡುತ್ತಿಲ್ಲ, ತಡಿಯವ್ವ, ದಿನಾ ತುಂಬದ ಕೂಸು, ನೋಡ್ತದ.

ನನ್ನ ಅಕ್ಕನ ಮಗಳಿಗೆ ಈ ಮಾತಿನಿಂದ ಸಮಾಧಾನವಾಗಲಿಲ್ಲ. ಬಿ.ಎಡ್ ಮಾಡಿದವಳು, ಪ್ರತಿಯೊಂದಕ್ಕೂ ಕಾರಣ ಬೇಕು. ನನಗೂ ಬೇಕಿತ್ತು. ಆ ದಿನಗಳಲ್ಲಿ ಸಿಕ್ಕಿದ್ದನ್ನೆಲ್ಲ ಓದಿದೆ, ಡಾಕ್ಟರರಿಗೆ ಬೇಸರವಾಗುವಷ್ಟು ಕೇಳಿದೆ.

ದಿನ ತುಂಬಿ ಹುಟ್ಟಿದ ಕೂಸಿಗೆ ಮುಖವೆಂದರೆ ಹುಟ್ಟಿನಿಂದಲೇ ಒಂದು ಸೆಳೆತ. 1975ರಲ್ಲಿ ಗೋರೆನ್ ಮತ್ತು ಸಂಗಡಿಗರು ಹುಟ್ಟಿ ಸುಮಾರು ಒಂಬತ್ತು ನಿಮಿಷವಾದ ಕೂಸುಗಳ ಮುಂದೆ ಮುಖದ ಚಿತ್ರವನ್ನು ನಿಧಾನಕ್ಕೆ ಸರಿಸಿ ನೋಡಿದರು. ಕಣ್ಣು, ಮೂಗು, ಬಾಯಿ ತಂತಮ್ಮ ಜಾಗದಲ್ಲಿದ್ದ ಚಿತ್ರವನ್ನು, ಅವು ಅಡ್ಡಾದಿಡ್ಡಿಯಾಗಿದ್ದ ಚಿತ್ರಕ್ಕಿಂತ ಹೆಚ್ಚು ದೂರ ಅವು ಹಿಂಬಾಲಿಸಿದವು. ಆ ಕೂಸುಗಳು ಅಲ್ಲಿಯವರೆಗೆ ಮನುಷ್ಯರ ಮುಖವನ್ನು ಹೆಚ್ಚುಕಡಿಮೆ ಕಂಡೇ ಇರಲಿಲ್ಲ! ಕಾಣುವ ದೂರ ಮಾತ್ರ ಒಂದು ಗೇಣಿಗಿಂತ ತುಸು ಹೆಚ್ಚು, ಎದೆಹಾಲು ಕುಡಿಯುವಾಗ ತಾಯಿಯ ಮುಖ ಇರುವಷ್ಟು.

ಅವಧಿಗೆ ಮೊದಲೇ ಬಂದ ಕೂಸಿನ ಕಥೆ ಬೇರೆ. ಸುಮಾರು 26 ವಾರದವರೆಗೆ ಭ್ರೂಣದ ಕಣ್ಣೆವೆಗಳು ಅಂಟಿಕೊಂಡೇ ಇರುತ್ತವೆ. ಬೆಳಕು ಬಿದ್ದಾಗ ಪಾಪೆ ಕಿರಿದಾಗುವುದು ಶುರುವಾಗುವುದೇ 30 ವಾರ ದಾಟುವ ಹೊತ್ತಿಗೆ. ಹೊಟ್ಟೆಯ ಕತ್ತಲೆಯಲ್ಲಿ ಇನ್ನೂ ಎರಡು ತಿಂಗಳು ಇರಬೇಕಾದ ಜೀವ ಟ್ಯೂಬ್‌ಲೈಟು, ಮಾನಿಟರಿನ ಕೂಗು, ಸೂಜಿ, ನಳಿಕೆಗಳ ನಡುವೆ ಬಂದು ಬೀಳುತ್ತದೆ. ನೋಡುವುದು ನಮಗೆ ಸಲೀಸು. ಇಂಥ ಕೂಸಿಗೆ ಅದು ದುಡಿಮೆ. ಉಸಿರಾಡಲು, ಮೈ ಬೆಚ್ಚಗಿಟ್ಟುಕೊಳ್ಳಲು, ಹಾಲು ಅರಗಿಸಿಕೊಳ್ಳಲು ಇರುವ ಅಷ್ಟೇ ಶಕ್ತಿಯಲ್ಲಿ ನೋಡುವುದಕ್ಕೂ ಒಂದು ಪಾಲು ತೆಗೆಯಬೇಕು. ಅದರಲ್ಲೂ ಮನುಷ್ಯರ ಮುಖ ಎಲ್ಲಕ್ಕಿಂತ ಭಾರವಾದ ನೋಟ. ಅದು ಅಲುಗಾಡುತ್ತದೆ, ಮಾತಾಡುತ್ತದೆ, ಹುಬ್ಬು ಏರಿಸುತ್ತದೆ, ಹತ್ತಿರ ಬರುತ್ತದೆ. ಗೋಡೆ ಹಾಗಲ್ಲ, ಸುಮ್ಮನಿರುತ್ತದೆ.

ಬಾಸ್ಟನ್ನಿನ ಹೈಡೆಲಿಸ್ ಆಲ್ಸ್ ಎಂಬ ಮನಃಶಾಸ್ತ್ರಜ್ಞೆ 1982ರಲ್ಲಿ ಇಂಥ ಕೂಸುಗಳ ಮೈಭಾಷೆಯನ್ನು ಓದುವ ಒಂದು ಕ್ರಮವನ್ನೇ ಮುಂದಿಟ್ಟರು. ಬಿಕ್ಕಳಿಕೆ, ಆಕಳಿಕೆ, ಸೀನು, ಬೆರಳುಗಳನ್ನು ಬೀಸಣಿಗೆಯ ಹಾಗೆ ಬಿಡಿಸುವುದು, ಮೈಬಣ್ಣ ಬದಲಾಗುವುದು, ಕೊನೆಗೆ ಮುಖ ಹೊರಳಿಸುವುದು. ಇವು 'ಸಾಕು' ಅನ್ನುವ ಮಾತುಗಳು. ನಾನು ಇದನ್ನು ಹೇಳಿದ ಮರುದಿನ ಅಕ್ಕನ ಮಗಳು ಮೂರು ಗಂಟೆ ಕೂಸಿನ ಪಕ್ಕ ಕೂತು ಲೆಕ್ಕ ಹಾಕಿದಳು. ಸಂಜೆ ಹೊರಗೆ ಬಂದು, "ಮೊದಲ ಬಿಕ್ಕಳಸ್ತದ, ಆಮ್ಯಾಲ ಕೈ ಬಿಡಸ್ತದ, ಆಮ್ಯಾಲ ಮಾರಿ ಹೊಳ್ಳಸ್ತದ. ನಾ ಒಮ್ಮೆಲೆ ಮಾತಾಡ್ಸಿ, ಮುಟ್ಟಿ, ಮಾರಿ ತೋರ್ಸಾಕ ಹೋಗ್ತಿದ್ದೆ. ಸುಮ್ಮ ಇದ್ರ ಒಂದೀಟ ನೋಡ್ತದ" ಅಂದಳು. ಆ 'ಒಂದೀಟ' ಎಷ್ಟು ಅಂತ ನಾನು ಕೇಳಿದೆ. ನಾಲ್ಕು ಎಣಿಸುವಷ್ಟು.

ಎಲ್ಲ ಕೂಸುಗಳೂ ಒಂದೇ ಥರ ಅಲ್ಲ ಅನ್ನುವುದನ್ನೂ ಹೇಳಬೇಕು. ಕೆಲವು ಇದಕ್ಕೆ ತದ್ವಿರುದ್ಧ. ಒಂದು ಕಡೆ ನೋಟ ನೆಟ್ಟರೆ ಕಿತ್ತುಕೊಳ್ಳಲು ಆಗುವುದಿಲ್ಲ, ಅಂಟಿದ ಹಾಗೆ ನೋಡುತ್ತಲೇ ಇರುತ್ತವೆ. ಒಂದರಿಂದ ಇನ್ನೊಂದಕ್ಕೆ ಗಮನ ಸರಿಸುವುದೂ ಮಿದುಳು ಕಲಿಯಬೇಕಾದ ಕೆಲಸ. ದಿನ ತುಂಬಿದವರಲ್ಲೂ ಮೊದಲ ತಿಂಗಳುಗಳಲ್ಲಿ ಈ ಅಂಟು ಇರುತ್ತದೆ, ಬೇಗ ಬಂದವರಲ್ಲಿ ಕೆಲವರಿಗೆ ತುಸು ಹೆಚ್ಚು ಕಾಲ ಉಳಿಯುತ್ತದೆ. ಮಿದುಳಿಗೆ ಪೆಟ್ಟಾಗಿದ್ದರೆ ಮಾತು ಬೇರೆ. ಇನ್ನು ವಯಸ್ಸಿನ ಲೆಕ್ಕ. ಒಂಬತ್ತು ವಾರ ಮೊದಲು ಬಂದ ಕೂಸಿಗೆ ಕ್ಯಾಲೆಂಡರಿನಲ್ಲಿ ನಾಲ್ಕು ತಿಂಗಳಾದಾಗ, ಹುಟ್ಟಬೇಕಿದ್ದ ದಿನದಿಂದ ಎಣಿಸಿದರೆ ಎರಡು ತಿಂಗಳೂ ತುಂಬಿರುವುದಿಲ್ಲ. ಮುಖ ನೋಡಿ ನಗುವುದು ಬರುವುದೇ ಆರರಿಂದ ಎಂಟು ವಾರಕ್ಕೆ. ನಾಲ್ಕು ತಿಂಗಳಾದರೂ ನಗು ಬರಲಿಲ್ಲ ಅಂತ ಓಣಿಯವರು ಕೇಳುವ ಹೊತ್ತಿಗೆ ಈ ಕೂಸಿನ ನಗು ತನ್ನ ವೇಳೆಗೆ ಸರಿಯಾಗಿಯೇ ಬರುತ್ತಿರುತ್ತದೆ. ಎರಡು ವರ್ಷದವರೆಗೆ ಹೀಗೆಯೇ ಎಣಿಸಬೇಕು ಅನ್ನುತ್ತಾರೆ.

ಅಂದರೆ ಈ ವಿಷಯದಲ್ಲಿ ಪಡಸಾಲೆಯ 'ತಡಿ' ಬಹುಮಟ್ಟಿಗೆ ಸರಿ.

ತಡೆಯುವಾಗ ಸುಮ್ಮನೆ ಕೂರಬೇಕಿಲ್ಲ. ಕೂಸನ್ನು ಬರಿಮೈಯಲ್ಲಿ ತಾಯಿಯ ಎದೆಗೆ ಒತ್ತಿ ಕಟ್ಟಿಕೊಳ್ಳುವ ಕಾಂಗರೂ ಆರೈಕೆ ನಿಮಗೆ ಗೊತ್ತಿರಬಹುದು. 1978ರ ಹೊತ್ತಿಗೆ ಕೊಲಂಬಿಯಾದ ಬೊಗೊಟಾದಲ್ಲಿ ಎಡ್ಗರ್ ರೇ ಎಂಬ ವೈದ್ಯರು ಶುರುಮಾಡಿದ್ದು, ಇನ್‌ಕ್ಯುಬೇಟರುಗಳು ಸಾಲದೆ. ಬಡತನದಿಂದ ಹುಟ್ಟಿದ ಉಪಾಯ ಆಮೇಲೆ ಸಿರಿವಂತ ದೇಶಗಳಿಗೂ ಹೋಯಿತು. 2002ರಲ್ಲಿ ಇಸ್ರೇಲಿನ ರುತ್ ಫೆಲ್ಡ್‌ಮನ್ ಮತ್ತು ಸಂಗಡಿಗರು ಹೀಗೆ ಎದೆಗೊತ್ತಿ ಬೆಳೆಸಿದ 73 ಕೂಸುಗಳನ್ನು, ಹಾಗೆ ಮಾಡದ 73 ಕೂಸುಗಳ ಜೊತೆ ಹೋಲಿಸಿದರು. ಇನ್ನೂ ದಿನ ತುಂಬುವ ಮೊದಲೇ, 37 ವಾರದ ಹೊತ್ತಿಗೆ, ಎದೆಗೊತ್ತಿದ ಕೂಸುಗಳು ಹೆಚ್ಚು ಎಚ್ಚರವಾಗಿದ್ದವು, ನೋಟ ತಪ್ಪಿಸುವುದು ಕಡಿಮೆಯಿತ್ತು. ತಾಯಂದಿರೂ ಕೂಸಿನ ಸನ್ನೆಗಳಿಗೆ ಹೆಚ್ಚು ಸ್ಪಂದಿಸುತ್ತಿದ್ದರು. ಕೃಷ್ಣೆ ದಾಟಿ, ಬಾಗಲಕೋಟೆ ದಾಟಿದರೆ ಸಿಗುವ ನಮ್ಮ ಕೊಪ್ಪಳ ಜಿಲ್ಲೆಯಲ್ಲೂ ಬೆಂಗಳೂರಿನ ಸೇಂಟ್ ಜಾನ್ಸ್ ಸಂಸ್ಥೆಯವರು ಸರಕಾರಿ ಆಸ್ಪತ್ರೆಗಳ ಜೊತೆ ಸೇರಿ ಇದನ್ನು ಇಡೀ ಜಿಲ್ಲೆಗೆ ಹಬ್ಬಿಸುವ ಕೆಲಸ ಮಾಡಿದ್ದಾರೆ. ಎದೆಗೊತ್ತಿದ ಕೂಸಿಗೆ ತಾಯಿಯ ಮುಖ ಕಾಣುವುದೇ ಇಲ್ಲ, ನೆತ್ತಿ ಗದ್ದದ ಕೆಳಗಿರುತ್ತದೆ. ಹಾಗಿದ್ದೂ ನೋಟ ಸುಧಾರಿಸುತ್ತದೆ. ನನಗೆ ಇದು ಬಹಳ ಹಿಡಿಸಿದ ಸಂಗತಿ. ನೋಡುವ ಮೊದಲು ಮೈ ನೆಮ್ಮದಿಯಾಗಬೇಕು.

ಈ ಲೆಕ್ಕದಲ್ಲಿ ನಮ್ಮ ಬಾಣಂತಿ ಕೋಣೆಗೂ ಒಂದು ಮರ್ಯಾದೆ ಸಲ್ಲಬೇಕು. ಅರೆಗತ್ತಲೆ, ಬಂದುಹೋಗುವವರು ಕಡಿಮೆ, ಗದ್ದಲವಿಲ್ಲ. ನದರು ತಾಗುತ್ತದೆ ಅಂತ ಕೂಸನ್ನು ಯಾರಿಗೂ ತೋರಿಸುವುದಿಲ್ಲ. ಆಲ್ಸ್ ಅವರು ಹೇಳಿದ್ದೂ ಬೆಳಕು ತಗ್ಗಿಸಿ, ಸದ್ದು ತಗ್ಗಿಸಿ ಅಂತಲೇ. ಹೊಗೆ ಹಾಕುವುದು, ಕಣ್ಣಿಗೆ ಕಾಡಿಗೆ ತೀಡುವುದು ಬಿಟ್ಟರೆ ಆ ಕೋಣೆ ಬೇಗ ಬಂದ ಕೂಸಿಗೆ ಹೇಳಿ ಮಾಡಿಸಿದ್ದು. ಆದರೆ ಅದೇ ಕೋಣೆಯ ಇನ್ನೊಂದು ನಿಯಮವಿದೆ: ನಲವತ್ತು ದಿನ ಹೊಸ್ತಿಲು ದಾಟಬಾರದು. ತೊಡಕು ಅಲ್ಲೇ.

ಕಣ್ಣಿನ ಹಿಂಭಾಗದ ಪರದೆಗೆ, ಅಂದರೆ ರೆಟಿನಾಕ್ಕೆ, ರಕ್ತನಾಳಗಳು ಬೆಳೆಯತೊಡಗುವುದು ಗರ್ಭದ 16ನೇ ವಾರದ ಸುಮಾರಿಗೆ. ಕಣ್ಣಿನ ನರದಿಂದ ಹೊರಟು ಬಳ್ಳಿಯ ಹಾಗೆ ಅಂಚಿನ ಕಡೆ ಹಬ್ಬುತ್ತ, ಮೂಗಿನ ಬದಿಯ ಅಂಚನ್ನು ಎಂಟನೇ ತಿಂಗಳಿಗೆ, ಕಿವಿಯ ಬದಿಯ ಅಂಚನ್ನು ಒಂಬತ್ತು ತುಂಬುವಾಗ ಮುಟ್ಟುತ್ತವೆ. ಕೂಸು ನಡುದಾರಿಯಲ್ಲೇ ಹೊರಬಂದರೆ ಬಳ್ಳಿಯೂ ನಡುದಾರಿಯಲ್ಲಿ ನಿಲ್ಲುತ್ತದೆ. ಹೊರಗಿನ ಗಾಳಿಯಲ್ಲಿ, ಅದರಲ್ಲೂ ನಳಿಕೆಯಿಂದ ಕೊಡುವಲ್ಲಿ, ಗರ್ಭದಲ್ಲಿದ್ದುದಕ್ಕಿಂತ ಆಮ್ಲಜನಕ ಹೆಚ್ಚು. ಬೆಳವಣಿಗೆ ಕೆಲಕಾಲ ತಡೆದು, ಆಮೇಲೆ ಹಸಿದ ಪರದೆ ಕೂಗಿ ಕರೆದಾಗ ನಾಳಗಳು ದಾರಿ ತಪ್ಪಿ ಬೆಳೆಯುತ್ತವೆ. ಅವು ಮುಂದೆ ಪರದೆಯನ್ನೇ ಎಳೆದು ಕಿತ್ತುಬಿಡಬಹುದು. ಬಾಸ್ಟನ್ನಿನ ಟೆರಿ ಎಂಬ ಕಣ್ಣಿನ ವೈದ್ಯರು ಇದನ್ನು ಮೊದಲು ವರದಿ ಮಾಡಿದ್ದು 1942ರಲ್ಲಿ. 1951ರಲ್ಲಿ ಮೆಲ್ಬರ್ನಿನ ಕೇಟ್ ಕ್ಯಾಂಪ್‌ಬೆಲ್ ಹೆಚ್ಚಿನ ಆಮ್ಲಜನಕದ ಕಡೆ ಬೆರಳು ತೋರಿಸಿದರು. ಆ ವರ್ಷಗಳಲ್ಲಿ ಸುಮಾರು 10,000 ಮಕ್ಕಳು ಕಣ್ಣು ಕಳೆದುಕೊಂಡರು ಎಂದು ಅಂದಾಜು. ಜೀವ ಉಳಿಸಿದ ಔಷಧವೇ! ಕಡಿಮೆ ಕೊಟ್ಟರೆ ಸಾವು, ಹೆಚ್ಚು ಕೊಟ್ಟರೆ ಕುರುಡು. ಇಂದಿಗೂ ಶಿಶು ಘಟಕಗಳು ನಡೆಯುತ್ತಿರುವುದು ಆ ನಡುವಿನ ಕಿರಿದಾದ ಬದುವಿನ ಮೇಲೆ. ಸಣ್ಣ ಕೂಸುಗಳನ್ನು ಉಳಿಸಲು ಕಲಿತ ನಮ್ಮಂಥ ಊರುಗಳಿಗೆ ಈಗ ಆ ಕಾಯಿಲೆಯ ಸರದಿ ಬಂದಿದೆ. ಮೊದಲಾದರೆ ಈ ಕೂಸುಗಳು ಕಣ್ಣಿನ ಪ್ರಶ್ನೆ ಬರುವವರೆಗೆ ಬದುಕುತ್ತಲೇ ಇರಲಿಲ್ಲ.

ಭಾರತದಲ್ಲಿ ನಿಯಮ ಹೀಗಿದೆ: ತೂಕ 2000 ಗ್ರಾಂಗಿಂತ ಕಡಿಮೆ ಇದ್ದರೆ, ಇಲ್ಲವೇ 34 ವಾರದೊಳಗೆ ಹುಟ್ಟಿದ್ದರೆ, 30 ದಿನದೊಳಗೆ ಪರದೆಯ ತಪಾಸಣೆ ಆಗಬೇಕು. ತೀರ ಸಣ್ಣವಕ್ಕೆ ಇನ್ನೂ ಬೇಗ, ಎರಡು ಮೂರು ವಾರಕ್ಕೇ. ಅಮೆರಿಕದಲ್ಲಿ ಸಾಮಾನ್ಯವಾಗಿ 1500 ಗ್ರಾಂವರೆಗಿನ ಕೂಸುಗಳನ್ನು ನೋಡಿದರೆ ಸಾಕು. ನಮ್ಮಲ್ಲಿ ಅದಕ್ಕಿಂತ ದೊಡ್ಡ ಕೂಸುಗಳಿಗೂ ಇದು ಬರುತ್ತದೆ. ಕಾಯಿಲೆ ಏರಿದೆ ಅಂತ ಗೊತ್ತಾದರೆ ಎರಡು ಮೂರು ದಿನದೊಳಗೆ ಲೇಸರ್ ಅಥವಾ ಇಂಜೆಕ್ಷನ್ ಆಗಬೇಕು. ಹೊರಗಿನಿಂದ ಏನೂ ಕಾಣುವುದಿಲ್ಲ. ಕಣ್ಣು ಕಪ್ಪಗೆ, ಹೊಳೆಯುತ್ತ, ಪಿಳಿಪಿಳಿ ಅನ್ನುತ್ತಲೇ ಇರುತ್ತದೆ.

ಕಣ್ಣಿನ ಡಾಕ್ಟರರಲ್ಲೂ ಇಂಥ ಪರದೆ ನೋಡಬಲ್ಲವರು ಕಡಿಮೆ, ಇರುವವರೂ ದೊಡ್ಡ ಊರಲ್ಲಿ. ಬೆಂಗಳೂರಿನ ನಾರಾಯಣ ನೇತ್ರಾಲಯದ ಡಾ. ಆನಂದ್ ವಿನೇಕರ್ 2008ರಲ್ಲಿ ಶುರುಮಾಡಿದ ಕಿಡ್‌ರಾಪ್ ಯೋಜನೆ ಈ ಗಂಟನ್ನು ಬಿಡಿಸಲು ಹಿಡಿದ ದಾರಿ ಸರಳ. ಡಾಕ್ಟರರ ಬದಲು ಕ್ಯಾಮೆರಾ ಪ್ರಯಾಣ ಮಾಡಲಿ. ತರಬೇತಿ ಪಡೆದ ತಂತ್ರಜ್ಞರು ಕ್ಯಾಮೆರಾ ಹೊತ್ತು, ಗೊತ್ತಾದ ದಿನ ಗೊತ್ತಾದ ಊರಿನ ಶಿಶು ಘಟಕಕ್ಕೆ ಹೋಗಿ ಪರದೆಯ ಚಿತ್ರ ತೆಗೆದು, ಕೆಂಪು, ಕಿತ್ತಳೆ, ಹಸಿರು ಅಂತ ಗುರುತು ಹಾಕುತ್ತಾರೆ. ದೂರದ ತಜ್ಞರು ಅದನ್ನು ಫೋನಿನಲ್ಲೇ ನೋಡಿ ಹೇಳುತ್ತಾರೆ. ಸರಕಾರದ ಜೊತೆ ಸೇರಿ ಇದು ಉತ್ತರ ಕರ್ನಾಟಕದ ಜಿಲ್ಲೆಗಳಿಗೂ ಬಂತು. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪಟ್ಟಿಯಲ್ಲೂ ಈ ಕಾಯಿಲೆ ಇದೆ. ಇಷ್ಟೆಲ್ಲ ಆದಮೇಲೂ ಒಂದು ಕೆಲಸವನ್ನು ಯಾವ ಯಂತ್ರವೂ ಮಾಡಲಾರದು. ಮನೆಗೆ ಹೋದ ಕೂಸು ಗೊತ್ತಾದ ದಿನಕ್ಕೆ ತಿರುಗಿ ಬರಬೇಕು.

ನಮ್ಮ ಕೂಸನ್ನು 24ನೇ ದಿನ ಮನೆಗೆ ಕಳಿಸಿದರು. ಚೀಟಿಯಲ್ಲಿ ಕಣ್ಣಿನ ತಾರೀಕು 29ನೇ ದಿನಕ್ಕೆ ಇತ್ತು. ಮನೆಯಲ್ಲಿ ಅದೇ ನಡೆಯಿತು, ಯಾವ ಮನೆಯಲ್ಲಾದರೂ ನಡೆಯುವಂಥದ್ದು. "ಬಾಣಂತಿ ಹೊಸ್ತಲಾ ದಾಟಬಾರ್ದು" ಅಂತ ಅಕ್ಕನ ಅತ್ತೆ. "ಕಣ್ಣ ಛೊಲೋ ಅದಾವಲ್ಲ, ದೀಪದ ಕಡಿ ನೋಡ್ತದಲ್ಲ" ಅಂತ ಅಕ್ಕ. ಎರಡೂ ಪ್ರೀತಿಯ ಮಾತೇ. ಇಪ್ಪತ್ತೆಂಟನೇ ದಿನ ತೂಕ ನೋಡಲು ಆಶಾ ಕಾರ್ಯಕರ್ತೆ ಬಂದಾಗ ಅಕ್ಕ ಕೇಳಿದಳು, "ಹದಿನೈದ ದಿನ ತಡದ್ರ ಏನಾಗ್ತದ?"

"ಏನೂ ಆಗದೇನೂ ಇರಬಹುದು ಅಕ್ಕಾರ" ಅಂದಳು ಆ ಹುಡುಗಿ. "ಆದ್ರ ಮಾತ್ರ ತಿರುಗಿ ಬರೂದಿಲ್ಲ."

ಮರುದಿನ ಪರಿಚಯದವರ ಗಾಡಿಯಲ್ಲಿ ಹೋದೆವು. ಕೂಸು ತಾಯಿಯ ಎದೆಯ ಮೇಲೆ, ಮೇಲೊಂದು ಶಾಲು, ಅದರ ಮೇಲೆ ಸೆರಗು. ಕಣ್ಣಿಗೆ ಹನಿ ಹಾಕಿ ಪಾಪೆ ಹಿಗ್ಗುವವರೆಗೆ ಒಂದು ತಾಸು ಕೂರಿಸಿದರು. ಒಳಗೆ ರೆಪ್ಪೆ ಬಿಡಿಸಿ ಹಿಡಿಯುವ ಒಂದು ಸಣ್ಣ ತಂತಿ. ಅದನ್ನು ನೋಡಲು ಧೈರ್ಯ ಬೇಕು. ಕೂಸು ಅತ್ತಿತು, ಎರಡು ಮೂರು ನಿಮಿಷ. ನಾಳಗಳು ಅಂಚು ಮುಟ್ಟಿಲ್ಲ, ಗಡಿಯಲ್ಲಿ ದಿಂಡು ಕಟ್ಟಿದೆ, ಎರಡನೇ ಹಂತ, ಹೆಚ್ಚಿನ ಮಕ್ಕಳಲ್ಲಿ ತಾನಾಗಿಯೇ ಇಳಿಯುತ್ತದೆ, ಆದರೆ ವಾರಕ್ಕೊಮ್ಮೆ ನೋಡಬೇಕು ಅಂದರು. ಐದು ಸಲ ಹೋದೆವು. ಇಳಿಯಿತು.

ಐದನೆಯ ಸಲ ಹೋದಾಗ ಇಂಡಿ ಕಡೆಯ ಒಬ್ಬಾಕೆ ಕೂತಿದ್ದಳು. ಅವಳ ಮಗನಿಗೆ ನಾಲ್ಕು ತಿಂಗಳು. 29 ವಾರಕ್ಕೆ ಹುಟ್ಟಿದವನು. ಅವರ ಮನೆಯವರು ಕಬ್ಬು ಕಡಿಯಲು ಸೋಲಾಪುರದ ಕಡೆ ಹೋಗಿದ್ದರು. ಮುಂಗಡ ಹಣ ತೆಗೆದುಕೊಂಡಿದ್ದರಿಂದ ಹೋಗಲೇಬೇಕು, ಕೂಸನ್ನು ಬಿಟ್ಟು ಹೋಗುವ ಹಾಗಿಲ್ಲ, ಚೀಟಿಯ ತಾರೀಕು ಗುಡಿಸಲಲ್ಲಿ ಕಳೆಯಿತು. ಅವಳು ನನಗೆ ಹೇಳಿದ್ದು ಇಷ್ಟೇ: "ನನ್ನ ಕಡಿ ನೋಡವಲ್ದಾಗಿತ್ರೀ. ಎಲ್ಲಾರೂ ತಡಿ ಅಂದ್ರು." ಪಾಪೆಯ ಹಿಂದೆ ಬಿಳಿ ಕಾಣತೊಡಗಿದ ಮೇಲೆ ಬಂದಿದ್ದರು. ಒಳಗೆ ಡಾಕ್ಟರರು ಎರಡೂ ಪರದೆ ಕಳಚಿವೆ, ದೊಡ್ಡ ಆಸ್ಪತ್ರೆಗೆ ಬರೆದುಕೊಡುತ್ತೇನೆ, ಆದರೆ ಹೆಚ್ಚು ಆಸೆ ಇಟ್ಟುಕೊಳ್ಳಬೇಡಿ ಅಂದದ್ದು ಬಾಗಿಲಾಚೆಗೂ ಕೇಳಿಸಿತು. ಹುಡುಗ ತಾಯಿಯ ದನಿ ಬಂದ ಕಡೆಗೆಲ್ಲ ಮುಖ ತಿರುಗಿಸುತ್ತಿದ್ದ. ಅವನಿಗೆ ನೋಡಲು ಮನಸ್ಸಿತ್ತು.

ಅದೇ ಮಾತು, ಅದೇ ಸಲಹೆ, ಎರಡು ಕೂಸು. ಕೂಸಿನ ಮುಖ ನೋಡುತ್ತ ಎಷ್ಟು ಹೊತ್ತು ಕೂತರೂ ಯಾವುದು ಯಾವುದೆಂದು ತಾಯಿಗೆ ತಿಳಿಯಲಾರದು, ಅಜ್ಜಿಗೂ ತಿಳಿಯಲಾರದು. ನೋಟಕ್ಕೆ ಎಷ್ಟು ತಿಂಗಳು ಬೇಕಾದರೂ ಕೊಡಬಹುದು, ಪರದೆಗೆ ಕೊಡಲು ಬರುವುದು ತಿಂಗಳೊಂದೇ. ದಾರಿಯುದ್ದಕ್ಕೂ ಅಕ್ಕನ ಮಗಳು ಮಾತಾಡಲಿಲ್ಲ. ದೇವರ ಹಿಪ್ಪರಗಿ ದಾಟಿದ ಮೇಲೆ, "ಆಕಿ ಹೆಸರ ಕೇಳಲಿಲ್ಲ ನಾವು" ಅಂದಳು.

ಈಗ ನಮ್ಮ ಹುಡುಗಿಗೆ ಎಂಟು ತಿಂಗಳು, ಹುಟ್ಟಬೇಕಿದ್ದ ದಿನದಿಂದ ಆರು. ಹೋದ ವಾರ ಅಕ್ಕ ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಮಾತಾಡಿಸುತ್ತಿದ್ದಾಗ ಬೆಕ್ಕು ಒಳಗೆ ಬಂತು. ಅಕ್ಕ ಅದರ ಕಡೆ ಕಣ್ಣು ಹೊರಳಿಸಿದಳು, ಅಷ್ಟೇ, ಕೈ ತೋರಿಸಲಿಲ್ಲ. ಹುಡುಗಿ ಅಜ್ಜಿಯ ಕಣ್ಣು ನೋಡಿ, ಬಾಗಿಲ ಕಡೆ ತಿರುಗಿ, ಬೆಕ್ಕನ್ನು ಹುಡುಕಿ ಹಿಡಿದಳು. ಇನ್ನೊಬ್ಬರ ನೋಟದ ಜಾಡು ಹಿಡಿಯುವ ಈ ವಿದ್ಯೆಯ ಬಗ್ಗೆ ಚಿಲಿ ದೇಶದ ಮಾರ್ಸೆಲಾ ಪೆನ್ಯಾ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಒಂದು ಅಧ್ಯಯನವಿದೆ. ಆರೋಗ್ಯವಾಗಿರುವ ಅವಧಿಪೂರ್ವ ಕೂಸುಗಳು ಇದರಲ್ಲಿ ಹಿಂದೆ ಬೀಳುವುದಿಲ್ಲ, ಹುಟ್ಟಬೇಕಿದ್ದ ದಿನದಿಂದ ಎಣಿಸಿದ ವಯಸ್ಸಿಗಿಂತ ಮುಂದೆಯೇ ಇರುತ್ತವೆ ಎಂದು ಅವರು ಕಂಡರು. ಎಷ್ಟು ದಿನ ಮನುಷ್ಯರ ಮುಖಗಳ ನಡುವೆ ಬದುಕಿದೆ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. ಬೇಗ ಬಂದದ್ದಕ್ಕೆ ಸಿಕ್ಕ ಸಣ್ಣ ಬಡ್ಡಿ ಅದು. ನಾನು ಇದನ್ನು ಹೇಳಿದಾಗ ಅಕ್ಕ, "ನಮ್ಮ ಬೆಕ್ಕು ಭಾಳ ಮಂದಿಗೆ ಕಲಿಸ್ಯಾದ" ಅಂದಳು.

ಇಂಥ ಮಕ್ಕಳಿಗೆ ಮುಂದೆ ಕನ್ನಡಕ ಬೀಳುವುದು, ಮೆಳ್ಳೆಗಣ್ಣಾಗುವುದು ಹೆಚ್ಚು, ಆದ್ದರಿಂದ ವರ್ಷ ತುಂಬಿದ ಮೇಲೆ ಮತ್ತೆ ತೋರಿಸಬೇಕು. ಆ ತಾರೀಕನ್ನು ಅಕ್ಕ ಅಡುಗೆಮನೆಯ ಕ್ಯಾಲೆಂಡರಿನ ಹಿಂದೆ, ಹಾಲಿನ ಲೆಕ್ಕದ ಕೆಳಗೆ ಬರೆದಿಟ್ಟಿದ್ದಾಳೆ.